ತಡೆಯಾಜ್ಞೆ ಪ್ರಾಯಶ್ಚಿತ್ತವಲ್ಲ

ಅಪರಾಧಿಯೆಂದು ನಿರ್ಣಯವಾದವರು ಶಾಸನಸಭೆಯಲ್ಲಿ ಕೂರಬಹುದೇ ಎಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯವು 2013ರ ಜುಲೈ 10ರಂದು ನಿಚ್ಚಳ ಉತ್ತರ ನೀಡಿತು. ಅಲ್ಲಿಯವರೆಗೆ, ಎರಡು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಗೊಳಗಾದ ಶಾಸಕ, ಸಂಸದರು ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಿದರೆ ಅದು ಇತ್ಯರ್ಥವಾಗುವ ತನಕ ಸ್ಥಾನದಲ್ಲೇ ಉಳಿಯುತ್ತಿದ್ದರು. ಲಿಲಿ ಥಾಮಸ್ ಪ್ರಕರಣದ ತೀರ್ಪು ಪ್ರಜಾಪ್ರಾತಿನಿಧ್ಯ ಕಾಯ್ದೆಯ ಆ ವಿನಾಯಿತಿಯನ್ನು ರದ್ದುಗೊಳಿಸಿತು. ಮುಂಬಾಗಿಲು ಮುಚ್ಚಿತು; ಹಿತ್ತಿಲ ಬಾಗಿಲು ತೆರೆದೇ ಉಳಿಯಿತು. ಅಪರಾಧನಿರ್ಣಯಕ್ಕೆ ಮೇಲಿನ ನ್ಯಾಯಾಲಯ ತಡೆ ನೀಡಿದರೆ ಅನರ್ಹತೆಯೂ ತೆರವಾಗುತ್ತದೆ.

ಓಬಳಾಪುರಂ ಗಣಿ ಪ್ರಕರಣದಲ್ಲಿ ಗಂಗಾವತಿಯ ಶಾಸಕ ಜನಾರ್ದನ ರೆಡ್ಡಿಯವರಿಗೆ 2025ರ ಮೇ 6ರಂದು ಏಳು ವರ್ಷಗಳ ಶಿಕ್ಷೆಯಾಯಿತು, ಶಾಸಕತ್ವ ಹೋಯಿತು. ಜೂನ್ ತಿಂಗಳಲ್ಲಿ ತೆಲಂಗಾಣ ಉಚ್ಚ ನ್ಯಾಯಾಲಯದ ತಡೆ ದೊರೆತು ಶಾಸಕತ್ವ ಮರಳಿತು. ಇತ್ತ ಮಹಾರಾಷ್ಟ್ರದಲ್ಲಿ, ನಾಗಪುರ ಜಿಲ್ಲಾ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ 2023ರ ಡಿಸೆಂಬರಿನಲ್ಲಿ ಐದು ವರ್ಷಗಳ ಶಿಕ್ಷೆಗೊಳಗಾದ ಸುನೀಲ ಕೇದಾರರಿಗೆ ತಡೆ ಸಿಗಲಿಲ್ಲ, ಸ್ಥಾನವೂ ಉಳಿಯಲಿಲ್ಲ. ಕಾಯ್ದೆ ಒಂದೇ, ಫಲ ಎರಡು.

ತಡೆಯೇ ಬೇಡವೆನ್ನುವುದು ನ್ಯಾಯವಲ್ಲ. ಮಾನನಷ್ಟದ ಮೊಕದ್ದಮೆಯಲ್ಲಿ ರಾಹುಲ್ ಗಾಂಧಿಯವರು ಕಳೆದುಕೊಂಡಿದ್ದ ಲೋಕಸಭಾ ಸದಸ್ಯತ್ವ ಮರಳಿದ್ದು 2023ರ ಆಗಸ್ಟ್ 4ರ ತಡೆಯಿಂದಲೇ. ದೋಷವಿರುವುದು ತಡೆಯಲ್ಲಲ್ಲ, ತಡೆಯ ನಂತರದ ನಿದ್ರೆಯಲ್ಲಿ. ತಡೆ ಬಿಡುಗಡೆಯಲ್ಲ, ಆದರೆ ಮೇಲ್ಮನವಿ ಕೊಳೆಯುತ್ತ ಬಿದ್ದರೆ ಐದು ವರ್ಷಗಳ ಅವಧಿ ಸದ್ದಿಲ್ಲದೆ ಮುಗಿಯುತ್ತದೆ.

ಲಿಲಿ ಥಾಮಸ್ ತೀರ್ಪಿನ ದಿನವೇ ಬಂದ ಇನ್ನೊಂದು ತೀರ್ಪು, ಸೆರೆಯಲ್ಲಿದ್ದು ಮತ ಹಾಕಲಾಗದವನು ಸ್ಪರ್ಧಿಸಲೂ ಆಗದು ಎಂದಿತ್ತು. ಸಂಸತ್ತು ಅದೇ ವರ್ಷ ಕಾಯ್ದೆ ತಿದ್ದಿ ಅದನ್ನು ನಿಷ್ಫಲಗೊಳಿಸಿತು. ಇಂದು ವಿಚಾರಣಾಧೀನ ಕೈದಿಗೆ ಮತವಿಲ್ಲ, ಉಮೇದುವಾರಿಕೆ ಉಂಟು! ಸ್ವಾರಗೇಟ ನಿಲ್ದಾಣದಲ್ಲಿ ಬೆಳಗಾವಿಯ ಬಸ್ಸು ಹತ್ತಿ, ಒಂದು ದಿನದ ದುಡಿಮೆ ಬಿಟ್ಟು ಊರಿಗೆ ಮತ ಹಾಕಲು ಹೋಗುವ ಶ್ರಾವಕನಿಗೆ ಈ ವಿಚಿತ್ರವನ್ನು ಯಾರು ಸಮರ್ಥಿಸಿ ಹೇಳಬಲ್ಲರು?

ತತ್ತ್ವಾರ್ಥಸೂತ್ರವು ಒಂಬತ್ತು ಪ್ರಾಯಶ್ಚಿತ್ತಗಳನ್ನು ಹೇಳುತ್ತದೆ. ಮೊದಲನೆಯದು ಆಲೋಚನೆ: ಗುರುವಿನೆದುರು ದೋಷದ ನಿವೇದನೆ. ಛೇದದಲ್ಲಿ ದೀಕ್ಷಾಕಾಲವೇ ಕಡಿತಗೊಂಡು ಹಿರಿಯ ಮುನಿ ಕಿರಿಯನಾಗುತ್ತಾನೆ. ಪರಿಹಾರದಲ್ಲಿ ಸಂಘದಿಂದ ದೂರವಿರಬೇಕು. ಕೊನೆಯದಾದ ಉಪಸ್ಥಾಪನೆಯಲ್ಲಿ ಪುನರ್ದೀಕ್ಷೆಯುಂಟು. ಮರಳುವ ದಾರಿಯಿದೆ, ಅಡ್ಡದಾರಿಯಿಲ್ಲ. ಮುನಿಗೇ ಇಲ್ಲದ ರಿಯಾಯಿತಿ ಮಂತ್ರಿಗೇಕೆ? ಬಿಡುಗಡೆಯ ನಂತರವೂ ಆರು ವರ್ಷ ಸ್ಪರ್ಧಿಸಬಾರದೆಂಬ ಕಾಯ್ದೆಯ ನಿಯಮವೂ ಒಂದು ಬಗೆಯ ಪರಿಹಾರವೇ. ಆಜೀವ ನಿಷೇಧದ ಕೂಗಿಗಿಂತ ಈ ಅವಧಿಯನ್ನು ನಿಷ್ಠೆಯಿಂದ ಪಾಲಿಸುವುದೇ ಜಿನಮಾರ್ಗಕ್ಕೆ ಹತ್ತಿರ.

ಆದ್ದರಿಂದ ಬೇಡಿಕೆ ಎರಡು. ಜನಪ್ರತಿನಿಧಿಯ ಅಪರಾಧನಿರ್ಣಯಕ್ಕೆ ತಡೆ ನೀಡಿದರೆ, ಮೇಲ್ಮನವಿಯು ಒಂದು ವರ್ಷದೊಳಗೆ ತೀರ್ಮಾನವಾಗಬೇಕೆಂದು ಸಂಸತ್ತು ಕಾಯ್ದೆ ಮಾಡಲಿ. ನಿರಪರಾಧಿಗೆ ಬೇಗ ಗೌರವ, ಅಪರಾಧಿಗೆ ಬೇಗ ನಿರ್ಗಮನ. ಎರಡನೆಯದಕ್ಕೆ ಯಾವ ನ್ಯಾಯಾಲಯವೂ ಬೇಕಿಲ್ಲ. ದೇಣಿಗೆಯ ಆಸೆಗೆ, ಜಾಗದ ಮಂಜೂರಾತಿಯ ಆಸೆಗೆ ಶಿಕ್ಷಿತರನ್ನು ಪಂಚಕಲ್ಯಾಣದ ವೇದಿಕೆಗೆ ಕರೆದು ಶಾಲು ಹೊದಿಸುವ ಪದ್ಧತಿಯನ್ನು ಬಸದಿಗಳ ಆಡಳಿತ ಮಂಡಳಿಗಳು ಇಂದೇ ನಿಲ್ಲಿಸಲಿ. ಅಚೌರ್ಯವನ್ನು ಪ್ರವಚನದಲ್ಲಿ ಕೇಳಿ, ಅದೇ ಚಪ್ಪರದಡಿ ಅದಕ್ಕೆ ವಿರುದ್ಧವಾದುದಕ್ಕೆ ಹಾರ ಹಾಕುವ ಸಮಾಜಕ್ಕೆ ಸಂಸತ್ತನ್ನು ಪ್ರಶ್ನಿಸುವ ಅಧಿಕಾರ ಉಳಿಯದು.