ಹಕ್ಕಿ ಹುಚ್ಚಿಗೊಂದು ಲೆಕ್ಕದ ಪುಸ್ತಕ

ಮೇ ತಿಂಗಳು ಬಂತು ಅಂದ್ರೆ ಲಿಸ್ಲ್‌ನ ಮಾರ್ಟನ್ ಅರ್ಬೊರೇಟಮ್‌ನಲ್ಲಿ ಕತ್ತೆತ್ತಿ ನಿಂತವರದೇ ಸಾಲು. 1922ರಲ್ಲಿ ಶುರುವಾದ, 1700 ಎಕರೆಯ ಮರಗಳ ತೋಟ ಅದು. ದಕ್ಷಿಣದಿಂದ ಬರುವ ಪುಟಾಣಿ ವಾರ್ಬ್ಲರ್‌ಗಳಿಗೆ ಒಳ್ಳೇ ತಂಗುದಾಣ. ನಮ್ಮ ಕನ್ನಡದವರೂ ಕೆಲವರು ಮೊಳದುದ್ದದ ಲೆನ್ಸ್ ಹಿಡಿದು ಬರ್ತಾರೆ. ಫೋಟೋ ಚೆನ್ನಾಗೇ ಇರುತ್ತೆ ಬಿಡಿ. ಆದರೆ ಯಾವತ್ತು, ಎಷ್ಟು ಹೊತ್ತಿಗೆ, ಎಷ್ಟು ಹಕ್ಕಿ ಅಂತ ಕೇಳಿ ನೋಡಿ, ಬಹಳ ಸಲ ಉತ್ತರವೇ ಇರಲ್ಲ. ನನ್ನ ತಕರಾರು ಇರೋದು ಇಲ್ಲೇ. (ತೇಜಸ್ವಿಯವರೂ ಮೂಡಿಗೆರೆಯಲ್ಲಿ ಕ್ಯಾಮೆರಾ ಹಿಡಿದವರೇ. ಆದರೆ ನೋಡಿದ್ದನ್ನು ಬರೆದೂ ಇಟ್ಟರು!)

ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿದ್ದ ಡೇವಿಡ್ ವಿಲ್ಲಾರ್ಡ್ ಕತೆ ಕೇಳಿ. ಹತ್ತಿರದ ಮೆಕಾರ್ಮಿಕ್ ಪ್ಲೇಸ್‌ನ ಗಾಜಿಗೆ ಹಕ್ಕಿಗಳು ಬಡಿದು ಸಾಯ್ತಾವೆ ಅಂತ 1978ರಲ್ಲಿ ಯಾರೋ ಮಾತಿನ ಮಧ್ಯೆ ಹೇಳಿದ್ದನ್ನು ಕೇಳಿ, ಒಂದು ಬೆಳಿಗ್ಗೆ ನಡೆದು ಹೋದರು. ಒಂದೆರಡು ಸತ್ತ ಹಕ್ಕಿ ಸಿಕ್ಕವು. ಬೇರೆ ಯಾರಾದರೂ ಆಗಿದ್ದರೆ "ಪಾಪ" ಅಂದು ಕಾಫಿಗೆ ಹೋಗ್ತಿದ್ದರು. ಇವರು ಅವನ್ನು ಮ್ಯೂಸಿಯಂಗೆ ತಂದರು. ಆಮೇಲೆ ಅದೇ ಅಭ್ಯಾಸವಾಯ್ತು: ಹೆಕ್ಕೋದು, ಅಳೆಯೋದು, ಲೆಡ್ಜರ್‌ನಲ್ಲಿ ಕೈಯಾರೆ ಬರೆಯೋದು. ಒಂದೆರಡು ವರ್ಷವಲ್ಲ, ದಶಕಗಟ್ಟಲೆ.

ಆ ಲೆಡ್ಜರ್ ಇಟ್ಟುಕೊಂಡು ಡೆಟ್ರಾಯಿಟ್ ಪಕ್ಕದ ಆನ್ ಆರ್ಬರ್‌ನಲ್ಲಿರುವ ಮಿಶಿಗನ್ ಯೂನಿವರ್ಸಿಟಿಯ ಬ್ರಯನ್ ವೀಕ್ಸ್, ವಿಲ್ಲಾರ್ಡ್ ಮತ್ತು ಜೊತೆಗಾರರು 2019ರ ಕೊನೆಗೆ ಒಂದು ಅಧ್ಯಯನ ಪ್ರಕಟಿಸಿದರು. 2016ರವರೆಗೆ ಸಿಕ್ಕಿದ 52 ಜಾತಿಯ 70,716 ಹಕ್ಕಿಗಳ ಲೆಕ್ಕ. ಕಾಲಿನ ಎಲುಬು ಸರಾಸರಿ ಶೇ. 2.4 ಗಿಡ್ಡವಾಗಿದೆ, ರೆಕ್ಕೆ ಶೇ. 1.3 ಉದ್ದವಾಗಿದೆ. ಭೂಮಿ ಬಿಸಿಯಾದಂತೆ ಮೈ ಕುಗ್ಗಿದೆ. ಆ ಚಿಕ್ಕ ಮೈಯಲ್ಲೇ ಅಷ್ಟೇ ದೂರ ಹಾರಬೇಕಲ್ಲ, ಅದಕ್ಕೆ ರೆಕ್ಕೆ ಬೆಳೆದಿರಬಹುದು ಅನ್ನೋದು ಅವರ ಅಂದಾಜು. ಶೇ. 2.4 ಅನ್ನೋದು ಯಾವ ಬೈನಾಕ್ಯುಲರ್‌ಗೆ, ಯಾವ ಲೆನ್ಸಿಗೆ ಕಾಣುತ್ತೆ ಹೇಳಿ?

ಬರೆದಿಟ್ಟಿದ್ದರಿಂದ ಹಕ್ಕಿಗೇನು ಬಂತು ಅಂತೀರಾ? ಕಿಟಕಿಗಳ ಅರ್ಧ ದೀಪ ಆರಿಸಿದರೂ ಸಾವು ಎಷ್ಟೋ ಕಡಿಮೆಯಾಗುತ್ತೆ ಅಂತ 2021ರಲ್ಲಿ ತೋರಿಸಿದ್ದು ಇದೇ ಕಟ್ಟಡದ ಲೆಕ್ಕದಿಂದ. 2023ರ ಅಕ್ಟೋಬರ್ 5ರ ಬೆಳಿಗ್ಗೆ ಇದೊಂದೇ ಕಟ್ಟಡದ ಕೆಳಗೆ ಹತ್ತಿರ ಹತ್ತಿರ ಸಾವಿರ ಹಕ್ಕಿ ಸತ್ತು ಬಿದ್ದಿದ್ದವು. 2024ರ ಬೇಸಿಗೆಯಲ್ಲಿ ಗಾಜಿಗೆ ಚುಕ್ಕೆಗಳ ಫಿಲ್ಮ್ ಅಂಟಿಸಿದರು. ಆ ವರ್ಷದ ವಲಸೆಯಲ್ಲಿ ಸಾವು ಸುಮಾರು ಶೇ. 95 ಇಳಿಯಿತು. ಇಳಿಯಿತು ಅಂತ ಹೇಳೋಕಾದರೂ ಹಳೇ ಲೆಕ್ಕ ಇರಬೇಕಲ್ಲ ಸ್ವಾಮಿ.

ಬೆಂಗಳೂರಿನಲ್ಲೂ ಈಗ ಗಾಜಿನ ಆಫೀಸುಗಳಿಗೇನು ಬರವಿಲ್ಲ. ಅಲ್ಲಿ ಕೆಲಸ ಮಾಡುವ ಓದುಗರೇ, ಬೆಳಿಗ್ಗೆ ಬೇಗ ಹೋದರೆ ಕಸ ಗುಡಿಸುವವರನ್ನು ಒಮ್ಮೆ ವಿಚಾರಿಸಿ ನೋಡಿ, ಗೋಡೆ ಬುಡದಲ್ಲಿ ಏನೇನು ಸಿಗುತ್ತೆ ಅಂತ. ಜೇಬಲ್ಲೊಂದು ಪೆನ್ನೂ ಇರಲಿ.