ಹಳೇ ಜೋಕಿನ ಪರ ವಕಾಲತ್ತು

ಯಾವುದೇ ಹಾಸ್ಯಸಂಜೆ ಮುಗಿದು ಜನ ಹೊರಗೆ ಬರುವಾಗ ಒಂದು ಮಾತು ಖಾತ್ರಿ ಕಿವಿಗೆ ಬೀಳುತ್ತೆ: ‘ಪರವಾಗಿಲ್ಲ ಕಣೋ, ಆದ್ರೆ ಅರ್ಧ ಜೋಕು ಯೂಟ್ಯೂಬಲ್ಲೇ ಕೇಳಿದ್ದೆ.’ ಹೋಟೆಲಿನವನು ತಂಗಳು ಬಡಿಸಿದ ಅನ್ನೋ ಧಾಟಿ. ಈ ದೂರಿನ ಬಗ್ಗೆ ನನ್ನದೊಂದು ತಕರಾರಿದೆ.

ಭೀಮಸೇನ ಜೋಶಿಯವರು ಲಕ್ಷ್ಮಿಯನ್ನು ಮನೆಗೆ ಕರೆಯುವ ದಾಸರ ಪದ ಎತ್ತಿಕೊಂಡರೆ ಯಾರಾದ್ರೂ ‘ಇದು ಕೇಳಿದ್ದೀವಿ ಸ್ವಾಮಿ, ಹೊಸದು ಹಾಡಿ’ ಅಂತಿದ್ರಾ? ಉಲ್ಟಾ, ಅದನ್ನು ಹಾಡದೇ ಎದ್ದರೆ ಬೇಜಾರು. ಯಕ್ಷಗಾನದಲ್ಲಿ ದುರ್ಯೋಧನನ ತೊಡೆ ಮುರಿಯುತ್ತೆ ಅಂತ ಗೊತ್ತಿದ್ದೂ ರಾತ್ರಿಯಿಡೀ ಕೂರುತ್ತೀವಿ. ನಗಿಸುವವನಿಗೆ ಮಾತ್ರ ಯಾಕೆ ಈ ‘ಒಂದು ಸಲ ಬಳಸಿ ಬಿಸಾಡಿ’ ಕಾನೂನು?

ಈ ಕಾನೂನು ತಂದದ್ದು ಪ್ರೇಕ್ಷಕರಲ್ಲ, ಪ್ರಸಾರದ ಯಂತ್ರ. ಅದು ಒಬ್ಬ ಮನುಷ್ಯನನ್ನು ಹೇಗೆ ಅರೆಯಿತು ಅಂತ ನೋಡಬೇಕಾದರೆ ಅಮೆರಿಕದ ಫ್ರೆಡ್ ಅಲೆನ್ ಕತೆ ಸಾಕು.

1894ರಲ್ಲಿ ಹುಟ್ಟಿದ ಅಲೆನ್, ಹುಡುಗನಾಗಿದ್ದಾಗ ಬಾಸ್ಟನ್ನಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವರು. ಚೆಂಡುಗಳನ್ನು ಎಸೆದು ಹಿಡಿಯುವ ಜಗ್ಲರ್ ಆಗಿ ರಂಗಕ್ಕೆ ಬಂದರು. ಕೈಚಳಕ ಅಷ್ಟಕ್ಕಷ್ಟೇ. ಚೆಂಡು ಬಿದ್ದಾಗ ಆಡಿದ ಮಾತಿಗೇ ಜನ ಹೆಚ್ಚು ನಕ್ಕರು. ಕೊನೆಗೆ ಮಾತೇ ಕಸುಬಾಯಿತು. ಆಗಿನ ವಾಡೆವಿಲ್ ರಂಗಮಂದಿರಗಳಲ್ಲಿ ಒಂದೇ ಸಂಜೆಗೆ ಹಾಡು, ಕುಣಿತ, ಸರ್ಕಸ್ಸು, ಹಾಸ್ಯ ಎಲ್ಲ ಇರುತ್ತಿತ್ತು. ಹಾಸ್ಯಗಾರನ ಪಾಲಿಗೆ ಒಂದಷ್ಟು ನಿಮಿಷ. ಅದನ್ನೇ ಊರಿಂದೂರಿಗೆ ವರ್ಷಗಟ್ಟಲೆ ಆಡುವುದು, ಪ್ರತಿ ಊರಲ್ಲೂ ಒಂದು ಪದ ಕಡಿಮೆ ಮಾಡುವುದು, ಒಂದು ಉಸಿರು ಜಾಸ್ತಿ ತಡೆಯುವುದು. ಹಾಗೆ ಉಜ್ಜಿ ಉಜ್ಜಿ ಜೋಕಿಗೆ ಹೊಳಪು ಬರುತ್ತಿತ್ತು.

1932ರಲ್ಲಿ ಅಲೆನ್ ರೇಡಿಯೋಗೆ ಬಂದರು. ದುಡ್ಡು, ಹೆಸರು ಎರಡೂ ಬಂತು. ಆದರೆ ಲೆಕ್ಕ ತಲೆಕೆಳಗಾಯಿತು. ರಂಗದಲ್ಲಿ ವರ್ಷಗಟ್ಟಲೆ ಬಾಳುತ್ತಿದ್ದ ಸರಕು ಒಂದೇ ರಾತ್ರಿಯಲ್ಲಿ ಇಡೀ ದೇಶಕ್ಕೆ ಗೊತ್ತಾಗಿ ಸತ್ತುಹೋಗುತ್ತೆ. ಮುಂದಿನ ವಾರಕ್ಕೆ ಮತ್ತೆ ಹೊಸದು. 1934ರಿಂದ ವಾರಕ್ಕೆ ಒಂದು ಪೂರ್ತಿ ಗಂಟೆ! ಸಹಾಯಕ್ಕೆ ಬರಹಗಾರರಿದ್ದರು, ಮುಂದೆ ಕಾದಂಬರಿಕಾರನಾಗಿ ಹೆಸರು ಮಾಡಿದ ಹರ್ಮನ್ ವೂಕ್ ಕೂಡ ಅವರಲ್ಲೊಬ್ಬ. ಆದರೂ ಬರವಣಿಗೆಯ ದೊಡ್ಡ ಹೊರೆ ಅಲೆನ್ ಹೆಗಲ ಮೇಲೇ. ಜತೆಗೆ ಜಾಹೀರಾತುದಾರರ, ಚಾನೆಲ್ಲಿನವರ ಕತ್ತರಿ. 1947ರಲ್ಲಿ, ಸಮಯ ಮೀರಿದರೆ ಕಾರ್ಯಕ್ರಮ ಕತ್ತರಿಸುವ ದೊಡ್ಡ ಸಾಹೇಬರ ಮೇಲೆ ಜೋಕು ಮಾಡಿದಾಗ ಎನ್‌ಬಿಸಿ ಸುಮಾರು ಅರ್ಧ ನಿಮಿಷ ದನಿಯನ್ನೇ ಬಂದ್ ಮಾಡಿತು. ಅದರ ಬಗ್ಗೆ ತಮಾಷೆ ಮಾಡಿದ ಬಾಬ್ ಹೋಪ್, ರೆಡ್ ಸ್ಕೆಲ್ಟನ್ ದನಿಗೂ ಅದೇ ಗತಿ.

ಇಷ್ಟೆಲ್ಲ ದುಡಿದವರನ್ನು ಕೆಡವಿದ್ದು ಇನ್ನೊಬ್ಬ ಹಾಸ್ಯಗಾರನಾ? ಅಲ್ಲ, ಬಹುಮಾನದ ಕ್ವಿಜ್ಜು. 1948ರಲ್ಲಿ ಎಬಿಸಿಯ ‘ಸ್ಟಾಪ್ ದ ಮ್ಯೂಸಿಕ್’ ಶುರುವಾಯಿತು: ಮನೆಗೆ ಫೋನ್ ಬರುತ್ತೆ, ಹಾಡು ಗುರುತಿಸಿದರೆ ಬಹುಮಾನ. ‘ನನ್ನ ಕಾರ್ಯಕ್ರಮ ಕೇಳುತ್ತಾ ಕೂತು ಯಾರಿಗಾದರೂ ಆ ಬಹುಮಾನ ತಪ್ಪಿದರೆ 5,000 ಡಾಲರ್‌ವರೆಗೆ ನಾನೇ ತುಂಬಿಕೊಡ್ತೀನಿ’ ಅಂತ ಅಲೆನ್ ಘೋಷಿಸಿದರು. ಉಪಯೋಗವಾಗಲಿಲ್ಲ. ರಕ್ತದೊತ್ತಡ ಆಗಲೇ ಹಣ್ಣು ಮಾಡಿತ್ತು. 1949ಕ್ಕೆ ಕಾರ್ಯಕ್ರಮ ನಿಂತಿತು, 1956ರಲ್ಲಿ 61ನೇ ವಯಸ್ಸಿಗೆ ಅವರೇ ಹೋದರು. ತಮ್ಮ ರೇಡಿಯೋ ವರ್ಷಗಳ ಪುಸ್ತಕಕ್ಕೆ ಅವರಿಟ್ಟ ಹೆಸರಲ್ಲಿ ‘ಟ್ರೆಡ್‌ಮಿಲ್’ ಅನ್ನೋ ಪದವಿದೆ. ಜಿಮ್ಮಿಗೆ ಹೋಗೋರಿಗೆ ಬಿಡಿಸಿ ಹೇಳಬೇಕಿಲ್ಲ: ಎಷ್ಟು ಓಡಿದರೂ ಇದ್ದಲ್ಲೇ.

‘ಹಾಗಾದ್ರೆ ಬದುಕಿಕೊಂಡೋರು ಯಾರೂ ಇಲ್ವಾ?’ ಅಂತೀರಿ. ಇದ್ದಾರೆ, ಅಲೆನ್ ರೇಡಿಯೋದಲ್ಲಿ ವರ್ಷಗಟ್ಟಲೆ ಹುಸಿ ಜಗಳವಾಡಿದ ಜ್ಯಾಕ್ ಬೆನ್ನಿ. ಅವರೂ ವಾಡೆವಿಲ್ಲಿನವರೇ, 1932ರಲ್ಲೇ ರೇಡಿಯೋಗೆ ಬಂದವರು. ಅಲ್ಲಿಂದ ಟೀವಿಗೂ ಹೋಗಿ 1965ರವರೆಗೆ ತಮ್ಮದೇ ಕಾರ್ಯಕ್ರಮ ನಡೆಸಿದರು. ಅವರ ಬಂಡವಾಳ ಏನು ಗೊತ್ತಾ? ತಾನು ಜಿಪುಣ, ತನಗೆ ಯಾವತ್ತೂ 39 ವರ್ಷ, ತನ್ನದು ಡಕೋಟಾ ಕಾರು. ಅದನ್ನೇ ತಿರುವಿ ಮುರುವಿ! ವಾರ ವಾರ ಹೊಸ ಸುದ್ದಿ ಹಿಡಿದು ಗುದ್ದಾಡಿದ ಅಲೆನ್ ಸೋತರು, ಹಳೇದನ್ನೇ ನೆಚ್ಚಿಕೊಂಡ ಬೆನ್ನಿ ಗೆದ್ದರು.

ನಮ್ಮಲ್ಲೂ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಸಾವಿರಾರು ಪ್ರಯೋಗ ಕಂಡಿತು. ನಾಟಕ ಅದೇ, ಆದರೆ ಅವತ್ತಿನ ರಾಜಕಾರಣಕ್ಕೆ ಅವತ್ತಿನದೇ ಏಟು. ಹಳೇ ಗೂಟ ಗಟ್ಟಿಯಿದ್ದರೇ ಹೊಸ ಹಗ್ಗ ಎಳೆದು ಕಟ್ಟೋಕಾಗೋದು.

ವಾಟ್ಸಾಪಲ್ಲಿ ಬಂದದ್ದನ್ನು ವೇದಿಕೆಯಲ್ಲಿ ಓದಿ ಹೇಳೋ ಸೋಮಾರಿಗಳ ಪರ ನನ್ನ ವಕಾಲತ್ತಲ್ಲ. ಕದ್ದ ಜೋಕು ಬೇರೆ, ಪಳಗಿದ ಜೋಕು ಬೇರೆ. ಆದರೆ ಪ್ರತಿ ವಾರ ಎಪಿಸೋಡು, ಪ್ರತಿ ದಿನ ರೀಲು ಬೇಕು ಅಂತ ಕೂತರೆ ಸಿಗೋದು ಹೊಸ ಹಾಸ್ಯವಲ್ಲ, ಪಳಗದ ಹಾಸ್ಯ. ಹೊಳೆಯದಿದ್ದಾಗ ಗಂಡಸಿಗೆ ಸೀರೆ ಉಡಿಸಿ, ದಪ್ಪಗಿರೋರನ್ನು ಆಡಿಕೊಂಡು, ಹಿಂದೆ ರೆಕಾರ್ಡಾದ ನಗು ಹಾಕಿ ಹೊತ್ತು ಕಳೀತಾರೆ. ಆಮೇಲೆ ‘ಅಭಿರುಚಿ ಕೆಟ್ಟುಹೋಯ್ತು’ ಅಂತ ನಾವೇ ಪೋಸ್ಟ್ ಹಾಕ್ತೀವಿ.

ಒಳ್ಳೇ ಜೋಕಿಗೆ ವಯಸ್ಸಾಗಲು ಬಿಡಿ. ಎರಡನೇ ಸಲ ಕೇಳುವಾಗ ಎಲ್ಲಿ ತಡೆದ, ಯಾವ ಪದ ಬಿಟ್ಟ, ಯಾಕೆ ಈ ಸಲ ಇನ್ನೂ ಜೋರಾಗಿ ನಗು ಬಂತು ಅಂತ ಗಮನಿಸಿ. ಮುಗಿದ ಮೇಲೆ ‘ಇದು ಕೇಳಿದ್ದೆ’ ಅನ್ನೋ ಬದಲು ‘ಅದನ್ನೇ ಇನ್ನೊಂದ್ಸಲ ಹೇಳಿ ಸಾರ್’ ಅನ್ನಿ. ಹಾಡುಗಾರರಿಗೆ ಮೊದಲಿಂದಲೂ ಕೊಟ್ಟುಕೊಂಡು ಬಂದ ಮರ್ಯಾದೆ ಅದು, ನಗಿಸೋರಿಗೂ ಸಲ್ಲಲಿ.