ಸವೆದ ಟೈರಿಗೆ ತೇಪೆ ಎಲ್ಲಿಯವರೆಗೆ?

ಕಳೆದ ಬೇಸಿಗೆಯಲ್ಲಿ ಬಂಧುಗಳ ಮನೆಯ ಮದುವೆಗೆಂದು ಮಲೆನಾಡಿನಿಂದ ರಾಯಚೂರು ಜಿಲ್ಲೆಗೆ ಹೋಗಿದ್ದೆವು. ಸಿಂಧನೂರಿನಿಂದ ಮಸ್ಕಿಯ ಮೂಲಕ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯಲ್ಲಿ ಕಾರಿನ ಹಿಂದಿನ ಚಕ್ರವೊಂದರ ಗಾಳಿ ಇಳಿಯಿತು. ಸ್ಟೆಪ್ನಿಯಲ್ಲೂ ಗಾಳಿ ಅರೆಬರೆ. ಅದನ್ನೇ ಹಾಕಿಕೊಂಡು ನಿಧಾನವಾಗಿ ಮಸ್ಕಿ ಸೇರಿದೆವು. ಪಂಕ್ಚರ್ ಅಂಗಡಿಯ ಹಿರಿಯರು ಟೈರಿನಿಂದ ಬಳ್ಳಾರಿ ಜಾಲಿಯ ಮುಳ್ಳೊಂದನ್ನು ಹಿರಿದು ತೆಗೆದರು. ಬಳಿಕ ಟೈರಿನ ಮೇಲೆ ಹೆಬ್ಬೆರಳು ಆಡಿಸಿ ಹೇಳಿದರು: "ಪಂಚರ್ ಹಾಕಿ ಕೊಡ್ತೀನ್ರಿ ಸರ, ಅದೇನ್ ದೊಡ್ಡದಲ್ಲ. ಆದ್ರ ಟೈರೇ ಮುಗದೈತಿ. ನಮ್ಮ ಕಡೆ ಬಿಸಲಾಗ ಹೆಂಗೋ ನಡೀತೈತಿ, ನಿಮ್ಮ ಕಡೆ ಮಳ್ಯಾಗ ನಡೆಯಂಗಿಲ್ರಿ."

ನನಗೆ ತುಸು ಅವಮಾನವೆನಿಸಿತು. ಹರಿದುದನ್ನು ಹೊಲಿದುಕೊಳ್ಳಬೇಕು, ಮುರಿದುದನ್ನು ಜೋಡಿಸಿಕೊಳ್ಳಬೇಕು, ಹೊಸದನ್ನು ಕೊಳ್ಳುವುದು ಕೊನೆಯ ಮಾತು ಎಂದು ಈ ಪುಟಗಳಲ್ಲಿ ಎಷ್ಟೋ ಬಾರಿ ಬರೆದವನು ನಾನು. ಆ ನಿಲುವು ಇಂದಿಗೂ ಬದಲಾಗಿಲ್ಲ. ಆದರೆ ಸವೆದ ಟೈರಿನ ವಿಷಯದಲ್ಲಿ ಅದನ್ನು ಹಾಗೆಯೇ ಅನ್ವಯಿಸಿದರೆ ಅದರ ಬೆಲೆಯನ್ನು ತೆರುವವರು ನಾವೊಬ್ಬರೇ ಆಗಿರುವುದಿಲ್ಲ.

ಟೈರಿನ ಮೈಮೇಲಿನ ಗೆರೆಗಳು ಅಲಂಕಾರಕ್ಕಾಗಿ ಇರುವವಲ್ಲ. ಅವು ನೀರು ಬಸಿಯುವ ಕಾಲುವೆಗಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರಿನ ರೈತರಿಗೆ ಹೂಳು ತುಂಬಿದ ಕಾಲುವೆಯ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಹೊಸ ಕಾರಿನ ಟೈರಿನಲ್ಲಿ ಈ ಗೆರೆಗಳ ಆಳ ಸುಮಾರು 8 ಮಿ.ಮೀ. ಇರುತ್ತದೆ. ಅದು 1.6 ಮಿ.ಮೀ.ಗಿಂತ ಕಡಿಮೆಯಾಗಕೂಡದೆಂದು ನಮ್ಮ ಮೋಟಾರು ವಾಹನ ನಿಯಮ ಹೇಳುತ್ತದೆ. ಅಳೆಯಲು ಉಪಕರಣವೇನೂ ಬೇಡ. ಗೆರೆಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಬ್ಬಗಳಿರುತ್ತವೆ. ಟೈರಿನ ಮೈ ಸವೆದು ಆ ದಿಬ್ಬಗಳಿಗೆ ಸಮನಾದರೆ ಅದರ ಆಯುಸ್ಸು ತೀರಿತು.

ಮೋಸವಿರುವುದು ಇಲ್ಲಿಯೇ. ಒಣ ಡಾಂಬರಿನ ಮೇಲೆ ಬೋಳು ಟೈರು ಕೂಡ ಸಾಕಷ್ಟು ಚೆನ್ನಾಗಿಯೇ ಹಿಡಿದು ನಿಲ್ಲುತ್ತದೆ. ಆದ್ದರಿಂದಲೇ ಮಾರ್ಚಿಯಿಂದ ಮೇವರೆಗೆ ಅದರ ಬಗ್ಗೆ ನಮಗೆ ಯಾವ ದೂರೂ ಇರುವುದಿಲ್ಲ. ಜೂನ್ ತಿಂಗಳ ಮೊದಲ ಜಡಿಮಳೆಯಲ್ಲಿ, ಘಟ್ಟದ ತಿರುವಿನಲ್ಲಿ, ಬಸಿಯಲು ದಾರಿಯಿಲ್ಲದ ನೀರು ಟೈರಿಗೂ ರಸ್ತೆಗೂ ನಡುವೆ ಹಾಳೆಯಂತೆ ಹರಡುತ್ತದೆ. ಆಗ ಬ್ರೇಕೂ ಕೇಳದು, ಸ್ಟಿಯರಿಂಗೂ ಕೇಳದು. ಮಸ್ಕಿಯ ಹಿರಿಯರು ಹೇಳಿದ್ದು ಇದನ್ನೇ. ಬಯಲುಸೀಮೆಯ ಬಿಸಿಲೂ ಸವೆದ ಟೈರಿನ ಮಿತ್ರನೇನಲ್ಲ, ನಿಜ. ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನದಲ್ಲಿ, ಗಾಳಿ ಕಡಿಮೆಯಿದ್ದು, ಮೈತುಂಬ ಭಾರ ಹೊತ್ತು ಓಡಿದರೆ ಟೈರು ಕಾದು ಸಿಡಿಯಬಹುದು.

ಹಾಗಾದರೆ ದುರಸ್ತಿಗೆ ಜಾಗವೇ ಇಲ್ಲವೇ? ಇದೆ. ನೆಲಕ್ಕೆ ತಾಗುವ ಭಾಗದಲ್ಲಿ, 6 ಮಿ.ಮೀ. ಮೀರದ ರಂಧ್ರವಾಗಿದ್ದು ಗೆರೆಗಳು ಇನ್ನೂ ಆಳವಾಗಿದ್ದರೆ ಪಂಕ್ಚರ್ ಹಾಕಿಸಿಕೊಂಡು ನಿಶ್ಚಿಂತೆಯಿಂದ ಓಡಿಸಬಹುದು. ಆದರೆ ಟೈರನ್ನು ಚಕ್ರದಿಂದ ಬಿಚ್ಚಿ, ಒಳಗನ್ನು ಪರೀಕ್ಷಿಸಿ, ಒಳಗಿನಿಂದಲೇ ತೇಪೆ ಹಾಕಿಸಬೇಕು. ಹೊರಗಿನಿಂದ ಚುಚ್ಚಿ ತುರುಕುವ ರಬ್ಬರ್ ಬತ್ತಿ ಮುಂದಿನ ಊರು ಮುಟ್ಟಲು ಮಾತ್ರ. ಪಕ್ಕದ ಗೋಡೆ ಸೀಳಿದ್ದರೆ, ಅಥವಾ ಅಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ, ಯಾವ ತೇಪೆಯೂ ನಿಲ್ಲದು. ವಯಸ್ಸನ್ನೂ ನೋಡಬೇಕು. ಪಕ್ಕದ ಗೋಡೆಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ: 2319 ಎಂದರೆ 2019ರ 23ನೇ ವಾರ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆಯಾದರೂ ಬಲ್ಲವರಿಗೆ ತೋರಿಸುವುದು ಒಳ್ಳೆಯದು.

ಲಾರಿ, ಬಸ್ಸುಗಳ ಮಾತು ಬೇರೆ. ಅವುಗಳ ಟೈರಿನ ಒಡಲನ್ನು ಮತ್ತೆ ಮತ್ತೆ ಹೊಸ ಮೈ ಹೊದಿಸಲಾಗುವಷ್ಟು ಗಟ್ಟಿಯಾಗಿ ಕಟ್ಟಿರುತ್ತಾರೆ. ನಮ್ಮ ಸಾರಿಗೆ ನಿಗಮಗಳು ದಶಕಗಳಿಂದ ಟೈರುಗಳನ್ನು ರೀಸೋಲ್ ಮಾಡಿಸಿ ಬಳಸುತ್ತ ಬಂದಿವೆ. ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗಿದ್ದರೆ ನನ್ನ ಎಲ್ಲ ತೇಪೆಗಳಿಗಿಂತ ಹೆಚ್ಚು ರಬ್ಬರ್ ಉಳಿಯುತ್ತಿತ್ತೆಂಬ ಮಾತನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ರಬ್ಬರ್ ಉಳಿಸಬೇಕೆಂಬ ಹಂಬಲಕ್ಕೆ ಮಲೆನಾಡಿಗರಾದ ನಮಗೆ ಕಾರಣವಿದೆ. ಸುಳ್ಯ, ಪುತ್ತೂರುಗಳ ಗುಡ್ಡಗಳಲ್ಲಿ ರಬ್ಬರ್ ತೋಟ ಹಬ್ಬಿದ್ದನ್ನು ನಾವು ಬಲ್ಲೆವು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ತರುವಾಯ ಶ್ರೀಲಂಕೆಯಿಂದ ಮರಳಿದ ತಮಿಳು ಕುಟುಂಬಗಳ ಪುನರ್ವಸತಿಗೆಂದು ಅರಣ್ಯಭೂಮಿಯಲ್ಲಿ ಸರ್ಕಾರವೇ ರಬ್ಬರ್ ನೆಡಿಸಿತು. ಆ ಹಾಲಿಗೆ ಕಲ್ಲೆಣ್ಣೆಯಿಂದ ತೆಗೆದ ಕೃತಕ ರಬ್ಬರ್, ಕಾರ್ಬನ್ ಕಪ್ಪು, ಉಕ್ಕಿನ ತಂತಿ ಸೇರಿ ಟೈರಾಗುತ್ತದೆ. ಗಂಧಕದೊಡನೆ ಬೆಂದ ರಬ್ಬರನ್ನು ಮೇಣದಂತೆ ಕರಗಿಸಿ ಮತ್ತೆ ಟೈರು ಎರಕ ಹೊಯ್ಯಲಾಗದು. ಸವೆದುಹೋದ ಭಾಗವಾದರೂ ಎಲ್ಲಿಗೆ ಹೋಯಿತು? ಪುಡಿಯಾಗಿ ಹಳ್ಳಕ್ಕೆ. ಟೈರು ಬಿರಿಯದಿರಲೆಂದು ಬೆರೆಸುವ ವಸ್ತುವೊಂದು ಓಜೋನಿನೊಂದಿಗೆ ಸೇರಿ ವಿಷವಾಗಿ ಮಾರ್ಪಟ್ಟು ಕೋಹೊ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿರುವುದನ್ನು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದರು.

ಆದುದರಿಂದ ಉಳಿತಾಯವನ್ನು ಟೈರಿನ ಕೊನೆಗಾಲದಲ್ಲಿ ಹುಡುಕಿದರೆ ಫಲವಿಲ್ಲ. ಅದು ಹೊಸದಾಗಿದ್ದಾಗಲೇ ಆರಂಭವಾಗಬೇಕು. ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ ಗಾಳಿ ನೋಡುವುದು, ಚಕ್ರಗಳನ್ನು ಸ್ಥಳ ಬದಲಿಸುವುದು, ಅಲೈನ್‌ಮೆಂಟ್ ಸರಿಪಡಿಸುವುದು, ಬಿರುಸಾಗಿ ಬ್ರೇಕ್ ಒತ್ತದಿರುವುದು. ನನ್ನ ಟೈರುಗಳ ಒಳಅಂಚು ಮೊದಲೇ ಸವೆದಿತ್ತು. ಎರಡು ವರ್ಷಗಳಿಂದ ಅಲೈನ್‌ಮೆಂಟ್ ಮಾಡಿಸಿರಲಿಲ್ಲ.

ಹಣದ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬಾಡಿಗೆ ಜೀಪು ಓಡಿಸುವ ನಮ್ಮ ತಮ್ಮಂದಿರಿಗೆ ನಾಲ್ಕು ಟೈರು ಒಮ್ಮೆಗೇ ಕೊಳ್ಳುವುದು ಎಟುಕದ ಮಾತು. ಎರಡೆರಡಾಗಿ ಕೊಳ್ಳಲಿ, ಹೊಸ ಜೋಡಿಯನ್ನು ಹಿಂದಕ್ಕೆ ಹಾಕಲಿ, ಏಕೆಂದರೆ ನೀರಿನಲ್ಲಿ ಹಿಂಬದಿ ಜಾರಿದರೆ ಗಾಡಿಯನ್ನು ಹಿಡಿತಕ್ಕೆ ತರುವುದು ಕಷ್ಟ. ಆದರೆ ಕಾಲೇಜಿನ ಮಕ್ಕಳನ್ನು ಹಿಂದೆ ಮುಂದೆ ನೇತುಹಾಕಿಕೊಂಡು ಮಳೆಯಲ್ಲಿ ಇಳಿಯುವ ಜೀಪಿಗೆ ಬೋಳು ಟೈರು ಇರಬಾರದು. ವಿದ್ಯಾರ್ಥಿ ಮಿತ್ರರು ಹತ್ತುವ ಮುನ್ನ ಒಮ್ಮೆ ಬಗ್ಗಿ ನೋಡಲಿ. ಕೇಳಲು ಸಂಕೋಚ ಬೇಡ.

ಇನ್ನು ಕಳಚಿದ ಟೈರಿನ ಗತಿ. ಮನೆಯ ಹಿಂದೆ ಎಸೆದರೆ ಮಳೆನೀರು ನಿಂತು ಡೆಂಗಿ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಸುಟ್ಟರೆ ಆ ಕರಿಹೊಗೆ ಊರಿನವರೆಲ್ಲರ ಶ್ವಾಸಕೋಶಕ್ಕೆ. ಹಳೆಯ ಟೈರಿನ ಹೊಣೆಯನ್ನು ತಯಾರಕರ ಹಾಗೂ ಆಮದುದಾರರ ಮೇಲೆ ಹೊರಿಸುವ ನಿಯಮವನ್ನು ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಹೊರಡಿಸಿತು. ಆ ಹೊಣೆ ತಾಲ್ಲೂಕು ಪೇಟೆಯ ಟೈರ್ ಅಂಗಡಿಯವರೆಗೆ ಬರಲೆಂದು ನಾವು ಒತ್ತಾಯಿಸಬೇಕು.

ನಾನು ಮಸ್ಕಿಯಲ್ಲಿ ಒಳತೇಪೆ ಹಾಕಿಸಿಕೊಂಡು ಲಿಂಗಸುಗೂರು ಸೇರಿ, ಎರಡು ಹೊಸ ಟೈರು ಕೊಂಡೆ. ಕಳಚಿದವನ್ನು ಬಿಟ್ಟು ಹೋಗಿ, ಮುನ್ನೂರು ರೂಪಾಯಿ ಮುರಿದುಕೊಳ್ಳುತ್ತೇನೆ ಎಂದ ಅಂಗಡಿಯಾತ. ಯಾರಿಗೆ ಮಾರುವಿರಿ ಎಂದೆ. ಬಿಸಿ ಅಲಗಿನಿಂದ ಗೆರೆ ಕೊರೆದು ಕಪ್ಪು ಬಳಿದರೆ ಹೊಸದರಂತೆ ಕಾಣುತ್ತದೆ, ಜೀಪಿನವರು ಒಯ್ಯುತ್ತಾರೆ ಎಂದ. ಉಳಿದಿರುವ ತೆಳುಪದರವನ್ನೇ ಕೊರೆದ ಅಂಥ ಟೈರು ಬೋಳು ಟೈರಿಗಿಂತ ಘೋರವಾದದ್ದು. ಅಲ್ಲಿದ್ದ ಹುಡುಗನಿಂದ ಚೂರಿ ಪಡೆದು ಎರಡರ ಪಕ್ಕದ ಗೋಡೆಗಳನ್ನೂ ನಾನೇ ಉದ್ದಕ್ಕೆ ಸೀಳಿದೆ. ಮುನ್ನೂರು ರೂಪಾಯಿ ಬಿಲ್ಲಿನಲ್ಲಿ ಕಳೆಯಲಿಲ್ಲ.